ವಯಸ್ಕರಿಗೆ ಕಾಕ್ಲಿಯರ್ ಇಂಪ್ಲಾಂಟ್: ಯಾರಿಗೆ ಆಗುತ್ತದೆ, ಎಲ್ಲಿ ತಡೆ ಬೀಳುತ್ತದೆ?

ಶ್ರುತಿಪೆಟ್ಟಿಗೆ

ದೊಡ್ಡವರ ಇಂಪ್ಲಾಂಟ್ ಬಗ್ಗೆ ಪ್ರಶ್ನೆಗಳು ಅಲ್ಲೊಂದು ಇಲ್ಲೊಂದು ಬರುತ್ತಲೇ ಇವೆ. ಎಲ್ಲವನ್ನೂ ಒಂದೇ ಕಡೆ ಮಾತಾಡೋಣ ಅಂತ ಈ ಚರ್ಚೆ. ಕಾಕ್ಲಿಯರ್ ಇಂಪ್ಲಾಂಟ್ ಅಂದರೆ ಒಳಗಿವಿಯ ಶಂಖದಂಥ ಕಾಕ್ಲಿಯಾದೊಳಗೆ ಎಲೆಕ್ಟ್ರೋಡ್‌ಗಳನ್ನಿಟ್ಟು ಶ್ರವಣ ನರಕ್ಕೆ ನೇರ ವಿದ್ಯುತ್ ಕೊಡುವ ಸಾಧನ; ಶಬ್ದ ಹಿಡಿಯುವ ಪ್ರೊಸೆಸರ್ ಹೊರಗೆ ಇರುತ್ತದೆ.

1957ರಲ್ಲಿ ಪ್ಯಾರಿಸ್ಸಿನಲ್ಲಿ ಜೂರ್ನೊ ಮತ್ತು ಐರಿಯೆಸ್ ಶ್ರವಣ ನರಕ್ಕೆ ವಿದ್ಯುತ್ ಹರಿಸಿ ಶಬ್ದ ಕೇಳಿಸಬಹುದೆಂದು ತೋರಿಸಿದರು. 1978ರಲ್ಲಿ ಮೆಲ್ಬರ್ನ್‌ನಲ್ಲಿ ಗ್ರೇಮ್ ಕ್ಲಾರ್ಕ್ ತಮ್ಮ ಬಹು ಚಾನೆಲ್ ಸಾಧನವನ್ನು ಮೊದಲ ಬಾರಿಗೆ ಅಳವಡಿಸಿದರು. 1984ರಲ್ಲಿ ಅಮೆರಿಕದಲ್ಲಿ ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಎಫ್‌ಡಿಎ ವಯಸ್ಕರಿಗೆ ಮೊದಲ ಸಾಧನವನ್ನು ಒಪ್ಪಿತು. ಪ್ರಯೋಗದ ಕಾಲ ಮುಗಿದೇ ನಲವತ್ತು ವರ್ಷ ಆಯಿತು. ಹಾಗಿದ್ದೂ ಸವಲತ್ತು ಚೆನ್ನಾಗಿರುವ ದೇಶಗಳಲ್ಲೂ ಅರ್ಹ ವಯಸ್ಕರಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡವರು ಸುಮಾರು ಹತ್ತರಲ್ಲಿ ಒಬ್ಬರು, ಹೆಚ್ಚಿನ ಅಂದಾಜುಗಳಲ್ಲಿ ಅದಕ್ಕೂ ಕಡಿಮೆ.

ಕಾರಣ ಕೇಳಿದರೆ "ದುಡ್ಡು" ಅನ್ನುವ ಉತ್ತರ ತಕ್ಷಣ ಬರುತ್ತದೆ. ಅದು ಸುಳ್ಳಲ್ಲ. ಆದರೆ ಸರ್ಕಾರವೋ ವಿಮೆಯೋ ಪೂರ್ತಿ ಖರ್ಚು ಭರಿಸುವ ಕಡೆಯೂ ಜನ ಬರುತ್ತಿಲ್ಲ. ನನ್ನ ಮಟ್ಟಿಗೆ ಹೆಚ್ಚಿನವರು ತಪ್ಪಿಹೋಗುವುದು ಹಿಯರಿಂಗ್ ಏಡ್ ಫಿಟಿಂಗ್ ಕೋಣೆಯಲ್ಲಿ. ಏಡ್ ಹಾಕಿದ ಮೇಲೆ ಎಷ್ಟು ಮಾತು ಅರ್ಥವಾಗುತ್ತಿದೆ ಎಂದು ಅಲ್ಲಿ ಯಾರೂ ಅಳೆಯುವುದಿಲ್ಲ. ಅಳೆಯದಿದ್ದರೆ ಸಾಲುತ್ತಿಲ್ಲ ಎಂದು ಗೊತ್ತಾಗುವುದಾದರೂ ಹೇಗೆ?

ಪದಪಟ್ಟಿ

ಒಪ್ಪಿದೆ. ಯಾರನ್ನು ಕಳಿಸಬೇಕು ಅನ್ನುವುದೇ ಹಲವರಿಗೆ ಸ್ಪಷ್ಟವಿಲ್ಲ. "ಎರಡೂ ಕಿವಿ ಪೂರ್ತಿ ಹೋಗಿರಬೇಕು" ಅನ್ನುವುದು 1980ರ ದಶಕದ ಮಾತು. ಅದನ್ನೇ ಇವತ್ತಿಗೂ ಹೇಳಿ ಕಳಿಸುವವರಿದ್ದಾರೆ.

ರೆಫರ್ ಮಾಡಲು ಸುಲಭದ ಅಳತೆ ಅಂದರೆ 2020ರಲ್ಲಿ ಪ್ರಕಟವಾದ 60/60 ಸೂತ್ರ. ಎರಡರಲ್ಲಿ ಚೆನ್ನಾಗಿರುವ ಕಿವಿಯನ್ನು ತೆಗೆದುಕೊಳ್ಳಿ. ಏಡ್ ಇಲ್ಲದೆ 500, 1000, 2000 ಹರ್ಟ್ಸ್ ಆವರ್ತನಗಳ ಸರಾಸರಿ 60 ಡಿಬಿ (ಡೆಸಿಬೆಲ್, ಶಬ್ದದ ಜೋರಿನ ಅಳತೆ) ಅಥವಾ ಅದಕ್ಕಿಂತ ಹೆಚ್ಚಿನ ನಷ್ಟ ಇದ್ದು, ಏಕಾಕ್ಷರ ಪದಗಳಲ್ಲಿ ಅಂಕ 60% ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇಂಪ್ಲಾಂಟ್ ಮೌಲ್ಯಮಾಪನಕ್ಕೆ ಕಳಿಸಿ. ಇದು ಕಳಿಸುವ ಸೂತ್ರ ಅಷ್ಟೇ, ಆಪರೇಷನ್ ನಿರ್ಧರಿಸುವ ಸೂತ್ರ ಅಲ್ಲ. ಈ ವ್ಯತ್ಯಾಸವನ್ನು ರೋಗಿಗೂ ಬಿಡಿಸಿ ಹೇಳಬೇಕು. "ಇಂಪ್ಲಾಂಟ್ ಕೇಂದ್ರಕ್ಕೆ ಹೋಗಿ" ಎಂದರೆ ಜನರಿಗೆ ಕೇಳಿಸುವುದು "ತಲೆ ಕೊಯ್ಯುತ್ತಾರೆ" ಅಂತ.

ಸೂತ್ರ ಸರಳ, ಆದರೆ ಪದಗಳ ಅಂಕ ಸರಿಯಾಗಿ ಬರಬೇಕಲ್ಲ. ಎಡವುವ ಜಾಗಗಳು ಹೇಳುತ್ತೇನೆ.

ಪರೀಕ್ಷಕರು ತಾವೇ ಬಾಯಲ್ಲಿ ಪದ ಓದಿದರೆ ಅಂಕ ಏರುತ್ತದೆ. ಗೊತ್ತಿಲ್ಲದೆಯೇ ಒತ್ತಿ, ನಿಧಾನಿಸಿ ಹೇಳುತ್ತೇವೆ, ತುಟಿಯೂ ಕಾಣಿಸುತ್ತಿರುತ್ತದೆ. ಹಾಗಾಗಿ ರೆಕಾರ್ಡ್ ಮಾಡಿದ ಪಟ್ಟಿಯನ್ನೇ ಬಳಸಬೇಕು. ಪಟ್ಟಿಯ ಉದ್ದವೂ ಮುಖ್ಯ. 25 ಪದಗಳ ಪಟ್ಟಿಯಲ್ಲಿ ಒಂದು ಪದಕ್ಕೆ 4%, 50ರಲ್ಲಿ 2%. ನಿಜವಾದ ಸಾಮರ್ಥ್ಯ 60% ಇರುವ ವ್ಯಕ್ತಿಯ ಅಂಕ, ಏನೂ ಬದಲಾಗದಿದ್ದರೂ, ಚಿಕ್ಕ ಪಟ್ಟಿಯಲ್ಲಿ ಹತ್ತು ಅಂಶದಷ್ಟು ಆಚೀಚೆ ಆಗುವುದು ಮಾಮೂಲು. ಗೆರೆಯ ಹತ್ತಿರ ಇರುವವರಿಗೆ 50 ಪದ ಪೂರ್ತಿ ಮಾಡಿ.

ಶಬ್ದದ ಮಟ್ಟ ತೀರಾ ಕಡಿಮೆ ಇಟ್ಟರೆ ಅಂಕ ಸುಳ್ಳಾಗಿ ಬೀಳುತ್ತದೆ. "ಸಾಕು, ಇನ್ನು ಜೋರು ಬೇಡ" ಅನ್ನುವ ಮಟ್ಟಕ್ಕಿಂತ 5 ಡಿಬಿ ಕೆಳಗೆ ಇಟ್ಟರೆ ಆ ಕಿವಿಯ ಅತ್ಯುತ್ತಮ ಅಂಕಕ್ಕೆ ಹತ್ತಿರ ಬರುತ್ತೀರಿ. ಎರಡು ಕಿವಿಗೆ ಅಂತರ ಹೆಚ್ಚಿದ್ದರೆ ಮಾಸ್ಕಿಂಗ್ (ಒಳ್ಳೆಯ ಕಿವಿಗೆ ಗದ್ದಲ ಕೊಟ್ಟು ಮರೆಮಾಡುವುದು) ಕೊಡದೆ ಪದ ಪರೀಕ್ಷೆ ಮಾಡಲೇಬೇಡಿ. ಒಳ್ಳೆಯ ಕಿವಿ ಆಚೆಯಿಂದ ಕೇಳಿಸಿಕೊಂಡು ಉತ್ತರ ಹೇಳುತ್ತದೆ, ಸತ್ತ ಕಿವಿಗೆ 70% ಬರೆದು ಫೈಲು ಮುಚ್ಚುತ್ತಾರೆ.

ಭಾಷೆಯ ವಿಷಯ ಕೊನೆಗೆ ಹೇಳುತ್ತಿದ್ದರೂ ಸಣ್ಣದಲ್ಲ. ಮನೆಯಲ್ಲಿ ಆಡುವ ಭಾಷೆ ಒಂದು, ಪರೀಕ್ಷೆ ಇನ್ನೊಂದು ಭಾಷೆಯಲ್ಲಿ ಆದರೆ ಕಿವಿಯ ತಪ್ಪೋ ಭಾಷೆಯ ತಪ್ಪೋ ತಿಳಿಯುವುದಿಲ್ಲ. ಆಡುವ ಭಾಷೆಯಲ್ಲಿ ಪ್ರಮಾಣೀಕರಿಸಿದ ಪಟ್ಟಿ ಇದ್ದರೆ ಅದನ್ನೇ ಬಳಸಿ. ಏಕಾಕ್ಷರ ಪದಗಳೇ ವಿರಳವಾದ ಭಾಷೆಗಳಲ್ಲಿ ಎರಡಕ್ಷರದ ಪದಗಳ ಪಟ್ಟಿ ಬಳಸುತ್ತಾರೆ. ಎರಡಕ್ಷರದ ಪದವನ್ನು ಅರ್ಧ ಕೇಳಿ ಊಹಿಸುವುದು ಸುಲಭ, ಆದ್ದರಿಂದ ಅಲ್ಲಿ 60% ಅನ್ನುವ ಗೆರೆಯನ್ನು ಕಣ್ಣುಮುಚ್ಚಿ ಎರವಲು ತರಬಾರದು.

ಹೊಸಬ

ಸರಾಸರಿ 60 ಡಿಬಿ ಆಗಿಲ್ಲ, ಆದರೆ ಪದಗಳ ಅಂಕ ತೀರಾ ಕಡಿಮೆ. ಇಂಥವರು ಸೂತ್ರದ ಹೊರಗೇ ಉಳಿಯಬೇಕೇ?

ಪದಪಟ್ಟಿ

ಬೇಡ, ಕಳಿಸಿ. ಆಡಿಯೋಗ್ರಾಂ (ಯಾವ ಆವರ್ತನ ಎಷ್ಟು ಕೇಳುತ್ತದೆ ಎಂಬ ನಕ್ಷೆ) ಮತ್ತು ಪದದ ಅಂಕ ಹೊಂದದಿದ್ದರೆ ಪದದ ಅಂಕವನ್ನೇ ನಂಬಿ. ಇಂಥವು ಎರಡು ಬಗೆ. ಒಂದು, ಆಡಿಟರಿ ನ್ಯೂರೋಪತಿ: ಸ್ವರ ಕೇಳುತ್ತದೆ, ಮಾತು ಬಿಡಿಸುವುದಿಲ್ಲ. ಇನ್ನೊಂದು, 500 ಹರ್ಟ್ಸ್‌ವರೆಗೆ ಚೆನ್ನಾಗಿದ್ದು 1500 ದಾಟಿದೊಡನೆ ಪ್ರಪಾತಕ್ಕೆ ಬೀಳುವ ಆಡಿಯೋಗ್ರಾಂ. ಇಲ್ಲಿ ಮೂರು ಆವರ್ತನದ ಸರಾಸರಿ ಮೋಸ ಮಾಡುತ್ತದೆ.

ಎರಡನೆಯ ಬಗೆಯವರ ಉತ್ತರದ ಹಾಳೆ ನೋಡಿದರೆ ಸಾಕು. ಕೊಟ್ಟ ಪದ "ಕಾಸು", ಉತ್ತರ "ಕಾಲು". "ತಟ್ಟೆ"ಗೆ "ಕಟ್ಟೆ". "ಸಾಲು"ಗೆ "ಹಾಲು". ಸ್ವರಗಳೆಲ್ಲ ಸರಿ, ಸ-ತ-ಕ ಗುಂಪು ಮಾತ್ರ ಕಲಸಿದೆ. ಸರಿ-ತಪ್ಪು ಗುರುತು ಹಾಕಿ ಬಿಡಬೇಡಿ, ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಿ. ಕೇಂದ್ರದವರಿಗೆ ಆ ಹಾಳೆ ಶೇಕಡಾವಾರಿಗಿಂತ ಹೆಚ್ಚು ಹೇಳುತ್ತದೆ. ಇಂಥವರಲ್ಲಿ ಕೆಲವರಿಗೆ ಕೆಳಗಿನ ಆವರ್ತನ ಏಡ್‌ನಿಂದ, ಮೇಲಿನದು ಇಂಪ್ಲಾಂಟ್‌ನಿಂದ, ಎರಡೂ ಒಂದೇ ಕಿವಿಯಲ್ಲಿ ಕೊಡುವ ವ್ಯವಸ್ಥೆ ಇದೆ.

ತಕ್ಕಡಿ

ಇಷ್ಟು ಸಡಿಲ ಸೂತ್ರ ಇಟ್ಟರೆ ಅರ್ಹತೆ ಇಲ್ಲದವರೂ ಸಾಲಾಗಿ ಬರುತ್ತಾರೆ. ಕೇಂದ್ರಗಳ ಸಮಯ ಹಾಳು, ಬಂದವರಿಗೆ ನಿರಾಸೆ.

ಶ್ರುತಿಪೆಟ್ಟಿಗೆ

ಬರುತ್ತಾರೆ, ಬರಲಿ. ಯಾರನ್ನೂ ಬಿಡಬಾರದು ಅನ್ನುವ ಲೆಕ್ಕದಲ್ಲೇ ಆ ಸೂತ್ರ ಹೆಣೆದಿರುವುದು, ಕೆಲವರು ವಾಪಸ್ ಹೋಗುವುದು ಅದರ ಬೆಲೆ. ವಾಪಸ್ ಹೋದವರಿಗೂ ನಷ್ಟವಿಲ್ಲ. ಅವರ ಏಡ್ ಸರಿಯಾಗಿ ಕೂತಿಲ್ಲ ಅನ್ನುವುದು ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತದೆ.

ಇದನ್ನು ಸ್ವಲ್ಪ ಬಿಡಿಸಬೇಕು. ಕೇಂದ್ರದಲ್ಲಿ ಅರ್ಹತೆ ನೋಡುವುದು ಏಡ್ ಹಾಕಿದ ಸ್ಥಿತಿಯಲ್ಲಿ. ಏಡ್ ಕಡಿಮೆ ಗೇನ್ (ಶಬ್ದ ಹಿಗ್ಗಿಸುವ ಪ್ರಮಾಣ) ಕೊಡುತ್ತಿದ್ದರೆ ಅರ್ಹತೆ ಸುಳ್ಳು, ಪರೀಕ್ಷೆಯೂ ಸುಳ್ಳು. ಆದ್ದರಿಂದ ಮೊದಲ ಕೆಲಸ ಕಿವಿಯ ನಾಳದಲ್ಲಿ ತೆಳು ಪ್ರೋಬ್ ಟ್ಯೂಬ್ ಇಟ್ಟು, ಏಡ್ ಅಲ್ಲಿಗೆ ಎಷ್ಟು ಶಬ್ದ ಮುಟ್ಟಿಸುತ್ತದೆಂದು ನೋಡುವ ರಿಯಲ್ ಇಯರ್ ಅಳತೆ. ಟ್ಯೂಬಿನ ತುದಿ ಕಿವಿತಮಟೆಯಿಂದ ಸುಮಾರು 5 ಮಿಮೀ ಒಳಗಿರಬೇಕು, ದೂರ ಉಳಿದರೆ ಮೇಲಿನ ಆವರ್ತನ ಕಡಿಮೆ ತೋರಿಸುತ್ತದೆ. 65 ಡಿಬಿ ಮಾತಿಗೆ ಎನ್‌ಎಎಲ್-ಎನ್‌ಎಲ್2 (ಏಡ್ ಎಷ್ಟು ಗೇನ್ ಕೊಡಬೇಕೆಂದು ಹೇಳುವ ಸೂತ್ರ) ಗುರಿಗೆ ಎಷ್ಟು ಹತ್ತಿರ ಬರುತ್ತದೆ ನೋಡಿ. ಕಂಪ್ಯೂಟರಿನ "ಫಸ್ಟ್ ಫಿಟ್" ಒತ್ತಿ ಕಳಿಸಿದ ಏಡ್‌ಗಳು 2000 ಹರ್ಟ್ಸ್ ಮೇಲೆ ಗುರಿಗಿಂತ ಕೆಳಗಿರುವುದು ಸಾಮಾನ್ಯ.

ಗುರಿ ಮುಟ್ಟಿಸಿದ ಮೇಲೂ ಅಂಕ ಏರದಿದ್ದರೆ ಅದು ನಿಜವಾದ ಅರ್ಹತೆ. ಗುರಿ ಮುಟ್ಟಿಸಲು ಹೋದರೆ ಸೀಟಿ ಹೊಡೆಯುತ್ತದೆ, ಅಥವಾ ಏಡ್‌ನ ಶಕ್ತಿಯೇ ಮುಗಿಯಿತು ಅಂದರೆ ಅದೂ ಉತ್ತರವೇ. ಅದನ್ನೂ ವರದಿಯಲ್ಲಿ ಬರೆಯಿರಿ.

ಆಮೇಲೆ ಪರೀಕ್ಷೆ: ಧ್ವನಿವರ್ಧಕ ಮುಖದ ನೇರಕ್ಕೆ ಒಂದು ಮೀಟರ್ ದೂರ, ತಲೆ ಇರುವ ಜಾಗದಲ್ಲಿ ಸೌಂಡ್ ಲೆವೆಲ್ ಮೀಟರ್ ಹಿಡಿದು 60 ಡಿಬಿಎ ಖಚಿತಪಡಿಸಿಕೊಂಡು, ಬಲ, ಎಡ, ಎರಡೂ ಎಂದು ಬೇರೆ ಬೇರೆ. ನಿಶ್ಶಬ್ದದಲ್ಲಿ ಚೆನ್ನಾಗಿ ಮಾಡಿದವರಿಗೆ ಗದ್ದಲ ಸೇರಿಸಿ, ಮಾತು ಗದ್ದಲಕ್ಕಿಂತ 10 ಡಿಬಿ ಮೇಲೆ, ಬೇಕಿದ್ದರೆ 5 ಡಿಬಿ ಮೇಲೆ. 75 ಡಿಬಿಗೆ ಕೂಗಿ ಪರೀಕ್ಷೆ ಮಾಡಿ "ಚೆನ್ನಾಗಿದೆ" ಅನ್ನುವುದರಲ್ಲಿ ಅರ್ಥವಿಲ್ಲ, ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ.

ಪದಪಟ್ಟಿ

ಗೆರೆಗಳು ಹೇಗೆ ಸರಿದಿವೆ ಅನ್ನುವುದಕ್ಕೆ ಎರಡು ಉದಾಹರಣೆ ಸೇರಿಸುತ್ತೇನೆ. ಬ್ರಿಟನ್ನಿನಲ್ಲಿ ಯಾವ ಚಿಕಿತ್ಸೆ ಯಾರಿಗೆ ಎಂದು ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ ಮೊದಲು 2000 ಮತ್ತು 4000 ಹರ್ಟ್ಸ್‌ನಲ್ಲಿ 90 ಡಿಬಿ ನಷ್ಟ ಇರಬೇಕು ಅನ್ನುತ್ತಿತ್ತು. 2019ರಲ್ಲಿ ಅದನ್ನು 80ಕ್ಕೆ ಇಳಿಸಿತು. 500ರಿಂದ 4000ದೊಳಗಿನ ಐದು ಆವರ್ತನಗಳಲ್ಲಿ ಯಾವುದಾದರೂ ಎರಡರಲ್ಲಿ ಸಾಕು, ಆದರೆ ಎರಡೂ ಕಿವಿಯಲ್ಲಿ. ವಾಕ್ಯಗಳ ಬದಲು ಎಬಿ ಪದಪಟ್ಟಿ ತಂದಿತು: 10 ಪದ, 30 ಧ್ವನಿಮಾ (ಪದದೊಳಗಿನ ಬಿಡಿ ಧ್ವನಿ), 70 ಡಿಬಿಎಯಲ್ಲಿ 50%ಕ್ಕಿಂತ ಕಡಿಮೆ. ವಾಕ್ಯದಲ್ಲಿ ಸಂದರ್ಭ ನೋಡಿ ಊಹಿಸುವ ಜಾಣರು ಮೊದಲು ಅನರ್ಹರಾಗುತ್ತಿದ್ದರು, ಅದು ತಪ್ಪಿತು. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ 2022ರಲ್ಲಿ ವಾಕ್ಯದ ಅಂಕದ ಗೆರೆಯನ್ನು 40%ದಿಂದ 60%ಕ್ಕೆ ಏರಿಸಿತು. ಒಂದೇ ಕಿವಿ ಕಿವುಡಾದವರಿಗೆ ಎಫ್‌ಡಿಎ ಒಪ್ಪಿಗೆ ಬಂದದ್ದು 2019ರಲ್ಲಿ.

ಅಂದರೆ ಹಿಂದೆ "ಆಗುವುದಿಲ್ಲ" ಅನ್ನಿಸಿಕೊಂಡು ಹೋದವರನ್ನು ಮತ್ತೆ ಕರೆಯಬೇಕು. ಹಳೆಯ ಫೈಲು ತೆಗೆದು ನೋಡುವ ಪದ್ಧತಿ ಬಹುಪಾಲು ಕಡೆ ಇಲ್ಲ. ಇದು ಯಾರೂ ಮಾತಾಡದ ತಡೆ.

ಒಳಗಿವಿ

ವೈದ್ಯಕೀಯ ಭಾಗ ನಾನು ಬರೆಯುತ್ತೇನೆ.

ತುರ್ತು ಇರುವುದು ಒಂದೇ ಗುಂಪಿಗೆ: ಮೆನಿಂಜೈಟಿಸ್ (ಮೆದುಳಿನ ಪೊರೆಯ ಉರಿಯೂತ) ಆಗಿ ಕಿವಿ ಹೋದವರು. ಕಾಕ್ಲಿಯಾದೊಳಗೆ ಮೂಳೆ ಬೆಳೆಯಲು ಶುರುವಾದರೆ ಕೆಲವು ವಾರಗಳಲ್ಲೇ ದಾರಿ ಮುಚ್ಚಬಹುದು, ಎಲೆಕ್ಟ್ರೋಡ್ ಅರ್ಧಕ್ಕೇ ನಿಲ್ಲುತ್ತದೆ. ಇವರಿಗೆ "ಮೂರು ತಿಂಗಳು ಏಡ್ ಹಾಕಿ ನೋಡೋಣ" ಅನ್ನಬಾರದು. ತಕ್ಷಣ ಎಂಆರ್‌ಐ, ಟಿ2 ಚಿತ್ರದಲ್ಲಿ ಕಾಕ್ಲಿಯಾದ ದ್ರವದ ಬಿಳುಪು ಇದೆಯೇ ನೋಡಬೇಕು. ಸಿಟಿಯಲ್ಲಿ ಮೂಳೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಮಿಕ್ಕವರಿಗೆ ಟೆಂಪೊರಲ್ ಬೋನ್ ಸಿಟಿ, ಶ್ರವಣ ನರ ನೋಡಲು ಎಂಆರ್‌ಐ. ಎರಡು ಕಿವಿಗೆ ಬಹಳ ವ್ಯತ್ಯಾಸ ಇದ್ದರೆ ನರದ ಗಡ್ಡೆಯೂ ಇಲ್ಲವೆಂದು ಖಾತ್ರಿಯಾಗುತ್ತದೆ.

ಓಟೋಸ್ಕ್ಲೆರೋಸಿಸ್ (ಕಿವಿಯ ಮೂಳೆ ವಿಕಾರವಾಗಿ ಬೆಳೆಯುವ ಕಾಯಿಲೆ) ತೀರಾ ಮುಂದುವರಿದವರಲ್ಲಿ ಆಡಿಯೋಮೀಟರಿನ ಮೂಳೆ ವಾಹಕದ (ತಲೆಯ ಮೂಳೆಯ ಮೂಲಕ ಶಬ್ದ ಕೊಡುವ ಭಾಗದ) ಮಿತಿಯೇ ಮುಗಿದು "ಪೂರ್ತಿ ನರದ ಕಿವುಡು" ಎಂದು ಕಾಣುತ್ತದೆ. ಕೆಲವರಿಗೆ ಸ್ಟೇಪಿಡಾಟಮಿ (ನಡುಗಿವಿಯ ಪುಟ್ಟ ಮೂಳೆಯ ಆಪರೇಷನ್) ಮಾಡಿ ಪ್ರಬಲ ಏಡ್ ಹಾಕಿದರೆ ಸಾಕಾಗುತ್ತದೆ. ಇಂಪ್ಲಾಂಟ್ ಹಾಕಿದರೆ, ಮೂಳೆ ಸ್ಪಂಜಿನಂತಾಗಿರುವುದರಿಂದ ವಿದ್ಯುತ್ ಮುಖದ ನರಕ್ಕೆ ಹರಿದು ಕೆನ್ನೆ, ಕಣ್ಣಿನ ರೆಪ್ಪೆ ಅದುರಬಹುದು. ಅಂಥ ಎಲೆಕ್ಟ್ರೋಡ್ ಆಫ್ ಮಾಡಿ ಅಥವಾ ಪಲ್ಸಿನ ಅಗಲ ಹೆಚ್ಚಿಸಿ ಸರಿಪಡಿಸುತ್ತಾರೆ. ಮೊದಲೇ ಹೇಳಿದ್ದರೆ ರೋಗಿ ಗಾಬರಿಯಾಗುವುದಿಲ್ಲ.

ವಯಸ್ಸಿಗೆ ಮೇಲಿನ ಮಿತಿ ಇಲ್ಲ. 80 ದಾಟಿದವರಿಗೂ ಮಾಡುತ್ತಾರೆ. ನೋಡಬೇಕಾದ್ದು ಹೃದಯ, ಶ್ವಾಸಕೋಶ, ರಕ್ತ ತೆಳುಮಾಡುವ ಮಾತ್ರೆ. ಪೂರ್ತಿ ಅರಿವಳಿಕೆ ತಡೆಯದವರಿಗೆ ಸ್ಥಳೀಯ ಅರಿವಳಿಕೆಯಲ್ಲಿ ಮಾಡುವ ಕೇಂದ್ರಗಳಿವೆ. "ಈ ವಯಸ್ಸಿನಲ್ಲಿ ಯಾಕೆ" ಅನ್ನುವ ಮಾತು ಹೆಚ್ಚಾಗಿ ಬರುವುದು ರೋಗಿಯಿಂದಲ್ಲ, ಮನೆಯವರಿಂದ. ಕೆಲವು ಸಲ ವೈದ್ಯರಿಂದಲೂ.

ನೆನಪಿನ ಶಕ್ತಿಯ ಪರೀಕ್ಷೆಯನ್ನು ಬಾಯಲ್ಲಿ ಕೇಳಿ ಅಂಕ ಹಾಕಿದರೆ ಕಿವುಡರೆಲ್ಲ ಮರೆಗುಳಿಗಳಾಗುತ್ತಾರೆ. ಕಿವಿ ಕೇಳದವರಿಗೆಂದೇ ಬರೆದು ತೋರಿಸುವ ಮಾದರಿ ಇದೆ, ಅದನ್ನೇ ಬಳಸಿ. ಆ ಅಂಕ ನೋಡಿ ಇಂಪ್ಲಾಂಟ್ ಬೇಡವೆಂದ ಟಿಪ್ಪಣಿಗಳು ಬರುತ್ತವೆ, ಬೇಸರವಾಗುತ್ತದೆ.

ಸಮತೋಲನ ಮರೆಯಬೇಡಿ. ಒಂದು ಕಡೆಯ ವೆಸ್ಟಿಬ್ಯುಲರ್ (ಸಮತೋಲನದ) ಅಂಗ ಮೊದಲೇ ಸತ್ತಿದ್ದರೆ, ಉಳಿದಿರುವ ಒಂದೇ ಕಡೆಯನ್ನು ಕೆದಕುವ ಮುನ್ನ ಎರಡು ಸಲ ಯೋಚಿಸಬೇಕು. ಅದೂ ಹೋದರೆ ಕತ್ತಲಲ್ಲಿ ನಡೆಯುವುದೇ ಕಷ್ಟ. ವಿಡಿಯೋ ಹೆಡ್ ಇಂಪಲ್ಸ್, ಕ್ಯಾಲೊರಿಕ್ ಎಂಬ ಸಮತೋಲನ ಪರೀಕ್ಷೆ ಎರಡೂ ಮಾಡಿಸಿ.

ಹೊಸಬ

"ಉಳಿದಿರುವ ಸ್ವಲ್ಪವೂ ಹೋಗಿಬಿಟ್ಟರೆ?" ಎಂದು ಎಲ್ಲರೂ ಕೇಳುತ್ತಾರೆ. ಏನು ಹೇಳಬೇಕು?

ಒಳಗಿವಿ

ಇದ್ದದ್ದು ಇದ್ದಂತೆ ಹೇಳಬೇಕು. ಹೋಗಬಹುದು. ತೆಳುವಾದ ಎಲೆಕ್ಟ್ರೋಡ್, ರೌಂಡ್ ವಿಂಡೋ (ಕಾಕ್ಲಿಯಾದ ಪುಟ್ಟ ಕಿಂಡಿ) ಮೂಲಕ ನಿಧಾನವಾಗಿ ತೂರಿಸುವುದು, ಸ್ಟೀರಾಯ್ಡ್ ಎಲ್ಲ ಬಳಸಿದರೂ ಒಂದಷ್ಟು ಜನರಿಗೆ ಭಾಗಶಃ ಅಥವಾ ಪೂರ್ತಿ ಹೋಗುತ್ತದೆ. ಆಪರೇಷನ್ ಆದಾಗ ಉಳಿದು ತಿಂಗಳುಗಳ ಮೇಲೆ ಹೋಗುವುದೂ ಇದೆ. "ಏನೂ ಆಗಲ್ಲ" ಎಂದು ಭರವಸೆ ಕೊಟ್ಟು ಒಪ್ಪಿಸಬೇಡಿ.

ಆದರೆ ಪ್ರಶ್ನೆಯನ್ನು ತೂಗಿ ನೋಡಬೇಕು. ಆ ಕಿವಿಯಲ್ಲಿ ಏಡ್ ಹಾಕಿ ಬರುತ್ತಿರುವುದು 12% ಪದ ಅಂದರೆ, ಪಣಕ್ಕಿಡುತ್ತಿರುವುದು ಆ 12%. ಬಾಗಿಲ ಸದ್ದು, ಗಾಡಿಯ ಸದ್ದು ಕೇಳುತ್ತಿದ್ದರೆ ಅದು ರೋಗಿಗೆ ದೊಡ್ಡ ಆಸರೆ ಅನ್ನಿಸುತ್ತದೆ. ಇಂಪ್ಲಾಂಟ್ ಸರಿಯಾಗಿ ಮ್ಯಾಪ್ ಆದ ಮೇಲೆ, ಅಂದರೆ ಎಲೆಕ್ಟ್ರೋಡ್‌ಗಳ ವಿದ್ಯುತ್ ಮಟ್ಟ ಹೊಂದಿಸಿದ ಮೇಲೆ, ಆ ಸದ್ದುಗಳೆಲ್ಲ ಅದರಿಂದಲೇ ಕೇಳುತ್ತವೆ. ಪ್ರೊಸೆಸರ್ ತೆಗೆದಿಟ್ಟಾಗ, ಅಂದರೆ ಮಲಗಿದಾಗ ಮತ್ತು ಸ್ನಾನದಲ್ಲಿ, ಆ ಕಿವಿ ಮೌನ. ಇದನ್ನೂ ಹೇಳಿ.

"ಮುಂದೆ ಔಷಧಿ ಬರುತ್ತದಂತೆ, ಕಾಯುತ್ತೇವೆ" ಅನ್ನುವವರೂ ಇದ್ದಾರೆ. ವಯಸ್ಕರ ಒಳಗಿವಿಯಲ್ಲಿ ಸತ್ತ ರೋಮಕೋಶ ಮತ್ತೆ ಬೆಳೆಸುವ ಚಿಕಿತ್ಸೆ ಇವತ್ತು ಬಳಕೆಯಲ್ಲಿಲ್ಲ. ಆದರೆ ಕಾಯುವ ವರ್ಷಗಳಿಗೆ ಬೆಲೆ ತೆರಬೇಕು: ಶಬ್ದ ಕಾಣದ ಕಾಲ ಹೆಚ್ಚಿದಷ್ಟೂ ಫಲ ಕುಗ್ಗುತ್ತದೆ.

ತಕ್ಕಡಿ

ಹಾಗಾದರೆ ಯಾವ ಕಿವಿ? ಕೆಟ್ಟ ಕಿವಿಯಾದರೆ ಕಳೆದುಕೊಳ್ಳುವುದೇನೂ ಇಲ್ಲ. ಆದರೆ ಅದು ದೀರ್ಘಕಾಲ ಮೌನವಾಗಿದ್ದರೆ?

ಒಳಗಿವಿ

ಅದೇ ಜಗ್ಗಾಟ. ಕೆಟ್ಟ ಕಿವಿ ಇತ್ತೀಚಿನವರೆಗೆ ಏಡ್ ಹಾಕಿಕೊಂಡಿದ್ದರೆ ಅದನ್ನೇ ಆರಿಸುತ್ತಾರೆ, ಒಳ್ಳೆಯ ಕಿವಿಗೆ ಏಡ್ ಮುಂದುವರಿಯುತ್ತದೆ. ಎರಡೂ ಸೇರಿ ಕೊಡುವ ಫಲ ಒಂದಕ್ಕಿಂತ ಹೆಚ್ಚು, ಮುಖ್ಯವಾಗಿ ದನಿಯ ಏರಿಳಿತ ಮತ್ತು ಸಂಗೀತಕ್ಕೆ. ಕೆಟ್ಟ ಕಿವಿ ದಶಕಗಳಿಂದ ಏನೂ ಕೇಳದೆ ಬಿದ್ದಿದ್ದರೆ, ಅಥವಾ ಹುಟ್ಟಿನಿಂದ ಹೋಗಿದ್ದರೆ, ಒಳ್ಳೆಯ ಕಿವಿಯ ಕಡೆ ವಾಲುತ್ತದೆ. ಅಲ್ಲಿ ರೋಗಿಯ ಭಯ ಸಹಜ. ಒಂದೇ ಉತ್ತರ ಎಲ್ಲರಿಗೂ ಹೊಂದುವುದಿಲ್ಲ.

ಕೈಮಾತು

ಒಂದು ಮಾತು ಸೇರಿಸಲೇಬೇಕು. ಹುಟ್ಟಿನಿಂದ ಕಿವುಡರಾಗಿದ್ದು ಸನ್ನೆ ಭಾಷೆಯಲ್ಲೇ ಬೆಳೆದ ವಯಸ್ಕರನ್ನು "ತಡೆ ಇರುವವರು" ಎಂದು ಎಣಿಸಬೇಡಿ. ಬೇಡ ಅನ್ನುವುದು ಅವರ ಆಯ್ಕೆ, ತಿಳುವಳಿಕೆಯ ಕೊರತೆ ಅಲ್ಲ. ಬೇಕು ಎಂದು ಬಂದರೆ ನಿರೀಕ್ಷೆಯ ಮಾತು ಬೇರೆಯೇ ಆಗಬೇಕು. ಎಚ್ಚರಿಕೆ ಸದ್ದು, ತುಟಿ ಓದಲು ನೆರವು, ಇದು ಸಿಗಬಹುದು. ಮುಖ ನೋಡದೆ ಮಾತು ತಿಳಿಯುವುದು ಹೆಚ್ಚಿನವರಿಗೆ ಸಿಗುವುದಿಲ್ಲ. ಮೌಲ್ಯಮಾಪನಕ್ಕೆ ಸನ್ನೆ ದುಭಾಷಿ ಇರಲಿ, ಮನೆಯವರನ್ನು ದುಭಾಷಿ ಮಾಡಬೇಡಿ. ಒಪ್ಪಿಗೆ ಯಾರದ್ದೆಂದೇ ಗೊತ್ತಾಗುವುದಿಲ್ಲ.

ಶ್ರುತಿಪೆಟ್ಟಿಗೆ

ಒಳ್ಳೆಯದಾಯಿತು ಹೇಳಿದ್ದು.

ತಿರುಪುಮೊಳೆ

ಯಂತ್ರದ ಕಡೆಯಿಂದ ಬರುವ ತಡೆಗಳನ್ನು ಯಾರೂ ಎತ್ತಿಲ್ಲ. ಜನ ಮೊದಲು ಕೇಳುವುದು "ಯಾವ ಕಂಪನಿ". ಕಾಕ್ಲಿಯರ್ ಅನ್ನುವ ಕಂಪನಿಯದು 22 ಎಲೆಕ್ಟ್ರೋಡ್, ಅಡ್ವಾನ್ಸ್ಡ್ ಬಯೋನಿಕ್ಸ್ 16, ಮೆಡ್-ಎಲ್ 12. ಈ ಎಣಿಕೆ ನೋಡಿ ಆರಿಸಬೇಡಿ. ಕಾಕ್ಲಿಯಾದೊಳಗೆ ವಿದ್ಯುತ್ ಹರಡುವುದರಿಂದ ಅಕ್ಕಪಕ್ಕದ ಎಲೆಕ್ಟ್ರೋಡ್‌ಗಳು ಒಂದಕ್ಕೊಂದು ಬೆರೆತುಹೋಗುತ್ತವೆ. ಕೇಳಬೇಕಾದ ಪ್ರಶ್ನೆಗಳು ಇವು: ಮ್ಯಾಪಿಂಗ್ ಮಾಡುವವರು ಎಷ್ಟು ದೂರದಲ್ಲಿದ್ದಾರೆ? ಪ್ರೊಸೆಸರ್ ಕೆಟ್ಟರೆ ಬದಲಿ ಎಷ್ಟು ದಿನಕ್ಕೆ ಬರುತ್ತದೆ? ಇನ್ನೊಂದು ಕಿವಿಯ ಏಡ್ ಜೊತೆ ಹೊಂದುತ್ತದೆಯೇ? ಎಂಆರ್‌ಐ ಹೇಗೆ?

ಎಂಆರ್‌ಐ ಬಗ್ಗೆ: ಚರ್ಮದ ಕೆಳಗೆ ಅಯಸ್ಕಾಂತ ಇರುತ್ತದೆ. ತಿರುಗುವ ಅಯಸ್ಕಾಂತದ ಈಚಿನ ಮಾದರಿಗಳಲ್ಲಿ 3 ಟೆಸ್ಲಾವರೆಗೆ ತೆಗೆಯದೇ ಮಾಡಬಹುದು. ಹಳೆಯವುಗಳಲ್ಲಿ 1.5 ಟೆಸ್ಲಾಗೆ ತಲೆಗೆ ಬಿಗಿಯಾಗಿ ಪಟ್ಟಿ ಕಟ್ಟಬೇಕು, ಅಥವಾ ಅಯಸ್ಕಾಂತವನ್ನೇ ಹೊರತೆಗೆಯಬೇಕು. ಎರಡಕ್ಕೂ ಮಾದರಿಯ ಹೆಸರು ಬೇಕು, ಅದಿರುವ ಕಾರ್ಡ್ ಪರ್ಸಿನಲ್ಲಿರಲಿ. ತಲೆಯ ಚಿತ್ರವಾದರೆ ಆ ಬದಿಯಲ್ಲಿ ಕಪ್ಪು ಕಲೆ ಬರುತ್ತದೆ. ಮೆದುಳಿನ ಕಾಯಿಲೆಗೆ ಪದೇಪದೇ ಎಂಆರ್‌ಐ ಬೇಕಾದವರು ಇದನ್ನು ಮೊದಲೇ ಚರ್ಚಿಸಬೇಕು. ಮುಂದೆ ಬೇರೆ ಯಾವ ಆಪರೇಷನ್ ಆದರೂ ತಲೆ-ಕುತ್ತಿಗೆಯಲ್ಲಿ ಮಾನೊಪೋಲಾರ್ ಕಾಟರಿ (ವಿದ್ಯುತ್ತಿನಿಂದ ಸುಟ್ಟು ರಕ್ತ ನಿಲ್ಲಿಸುವ ಒಂದು ಬಗೆಯ ಸಾಧನ) ಬಳಸುವಂತಿಲ್ಲ ಎಂದು ಸರ್ಜನ್‌ಗೆ ತಿಳಿಸಿ.

ಖರ್ಚಿನ ಮಾತು ಆಡುವಾಗ ಆಪರೇಷನ್ ದಿನದ ಬಿಲ್ ಮಾತ್ರ ಹೇಳಿ ನಿಲ್ಲಿಸಬೇಡಿ. ಒಳಗಿನ ಭಾಗ ದಶಕಗಳು ಬಾಳುವಂತೆ ಮಾಡಿದ್ದು. ಹೊರಗಿನ ಪ್ರೊಸೆಸರ್ ಬದಲಿಸುವ ಮಾತು ಐದಾರು ವರ್ಷಕ್ಕೆ ಬರುತ್ತದೆ. ಕೇಬಲ್, ಕಾಯಿಲ್, ಬ್ಯಾಟರಿ, ಮೈಕ್ ಕವರ್ ನಡುನಡುವೆ. ಕೆಲವು ಯೋಜನೆಗಳು ಆಪರೇಷನ್‌ಗೆ ಕೊಟ್ಟು ಇವಕ್ಕೆ ಕೊಡುವುದಿಲ್ಲ. ಒಂದು ಕೇಬಲ್ ತುಂಡಾಗಿ ಪ್ರೊಸೆಸರ್ ಡಬ್ಬಿ ಸೇರಿದರೆ ಇಡೀ ಇಂಪ್ಲಾಂಟ್ ದಂಡ. ಒಪ್ಪುವ ಮುನ್ನ ಈ ಪಟ್ಟಿ ಬರೆದುಕೊಂಡು ಯಾವುದು ಯಾರ ಖರ್ಚು ಎಂದು ಪಕ್ಕದಲ್ಲಿ ಗುರುತು ಹಾಕಿ.

675 ಝಿಂಕ್ ಏರ್ ಬ್ಯಾಟರಿ ಬಳಸುವವರು ಇಂಪ್ಲಾಂಟ್‌ಗೆಂದೇ ಇರುವುದನ್ನೇ ಕೊಳ್ಳಬೇಕು. ಏಡ್‌ನದ್ದು ಅಷ್ಟು ಕರೆಂಟ್ ಕೊಡಲಾರದೆ ಬೇಗ ಸಾಯುತ್ತದೆ. ಸ್ಟಿಕ್ಕರ್ ಕಿತ್ತು ಕೆಲ ನಿಮಿಷ ಗಾಳಿಗೆ ಬಿಟ್ಟು ಹಾಕಿ.

ಮ್ಯಾಪುಗಾರ

ಆಪರೇಷನ್ ಆದವರ ಬಾಯಿಮಾತೇ ಮುಂದಿನವರಿಗೆ ಪ್ರೇರಣೆ ಅಥವಾ ತಡೆ. "ಹಾಕಿಸಿದರು, ಏನೂ ಕೇಳಿಸಲಿಲ್ಲವಂತೆ" ಅನ್ನುವ ಒಂದು ಮಾತು ಹತ್ತು ಜನರನ್ನು ಮನೆಯಲ್ಲೇ ಕೂರಿಸುತ್ತದೆ. ಆ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಸರಿಪಡಿಸಬಹುದಾದ ಮ್ಯಾಪ್.

ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೆ ಸ್ವಿಚ್ ಆನ್. ಮೊದಲ ದಿನ ಮಾತು ಪೀಪಿಯಂತೆ, ಯಂತ್ರದಂತೆ ಕೇಳುವುದು ಸಹಜ. ಗಂಡಸು ಹೆಂಗಸು ದನಿ ಒಂದೇ ಅನ್ನಿಸುತ್ತದೆ. ಎದುರಿಗೆ ಕಾಗದ ಮಡಿಸಿದರೆ ಆ ಸದ್ದೇ ಮಾತಿಗಿಂತ ಜೋರು ಅನ್ನುತ್ತಾರೆ. ಇದನ್ನು ಮುಂಚೆ ಹೇಳದಿದ್ದರೆ ಅವತ್ತೇ "ಕೆಲಸ ಮಾಡಲಿಲ್ಲ" ಎಂಬ ತೀರ್ಮಾನ. ಆಮೇಲೆ ಒಂದು, ಮೂರು, ಆರು, ಹನ್ನೆರಡು ತಿಂಗಳಿಗೆ ಮ್ಯಾಪಿಂಗ್, ನಡುವೆ ಬೇಕಾದಂತೆ. ಹೆಚ್ಚಿನ ಏರಿಕೆ ಮೊದಲ ಆರು ತಿಂಗಳಲ್ಲಿ.

ಫಲ ಬಾರದಿದ್ದಾಗ ನೋಡುವ ಕ್ರಮ: ಮೊದಲು ಡೇಟಾ ಲಾಗ್. ದಿನಕ್ಕೆ ಮೂರು ಗಂಟೆ ಹಾಕಿದ್ದರೆ ಮ್ಯಾಪ್ ಮುಟ್ಟುವ ಮುನ್ನ ಯಾಕೆ ತೆಗೆಯುತ್ತಿದ್ದಾರೆ ಕೇಳಿ. ಅಯಸ್ಕಾಂತ ಬಿಗಿಯಾಗಿ ಚರ್ಮ ಕೆಂಪಾಗಿದೆಯೇ, ಸಡಿಲವಾಗಿ ಬೀಳುತ್ತಿದೆಯೇ? ಗುರಿ ಹತ್ತು ಗಂಟೆಯ ಮೇಲೆ. ಆಮೇಲೆ ಇಂಪೀಡೆನ್ಸ್ (ಎಲೆಕ್ಟ್ರೋಡ್‌ನಲ್ಲಿ ವಿದ್ಯುತ್ ಹರಿವಿಗಿರುವ ತಡೆ) ನೋಡಿ, ಓಪನ್ ಅಥವಾ ಶಾರ್ಟ್ ಇರುವ ಎಲೆಕ್ಟ್ರೋಡ್ ಮುಚ್ಚಿ. ಆಮೇಲೆ ಪ್ರೊಸೆಸರ್ ಹಾಕಿ ಸೌಂಡ್ ಫೀಲ್ಡ್‌ನಲ್ಲಿ 250ರಿಂದ 6000 ಹರ್ಟ್ಸ್‌ವರೆಗೆ 20-30 ಡಿಬಿ ಒಳಗೆ ಕೇಳುತ್ತಿದೆಯೇ ನೋಡಿ. 40ರಲ್ಲಿದ್ದರೆ ಮೆಲುಮಾತು ಹೇಗೆ ತಿಳಿಯುತ್ತದೆ? ಮೇಲಿನ ಆವರ್ತನ ಮಾತ್ರ ಇಳಿದಿದ್ದರೆ ಮೈಕ್ ಕವರ್ ಬದಲಿಸಿ ಮತ್ತೆ ಅಳೆಯಿರಿ. ಕವರ್ ನಿಧಾನವಾಗಿ ಕಟ್ಟಿಕೊಳ್ಳುವುದರಿಂದ ಹಾಕಿಕೊಂಡವರಿಗೆ ಗೊತ್ತೇ ಆಗುವುದಿಲ್ಲ.

ಮೇಲಿನ ಮಟ್ಟವನ್ನು ಹೆದರಿ ಕೆಳಗಿಟ್ಟ ಮ್ಯಾಪ್‌ಗಳು ಬಹಳ. ಎಲ್ಲ ಎಲೆಕ್ಟ್ರೋಡ್‌ಗಳೂ ಒಂದೇ ಜೋರಿಗೆ ಕೇಳುತ್ತಿವೆಯೇ ಎಂದು ಎರಡೆರಡಾಗಿ ಹೋಲಿಸಿ ಸರಿತೂಗಿಸುವುದನ್ನು ಅವಸರದಲ್ಲಿ ಬಿಟ್ಟುಬಿಡುತ್ತಾರೆ. ಇಷ್ಟೆಲ್ಲ ಸರಿಯಿದ್ದೂ ಅಂಕ ಏರದಿದ್ದರೆ ಎಕ್ಸ್-ರೇ ಅಥವಾ ಸಿಟಿ ಮಾಡಿಸಿ. ಬಾಗಿದ ಆಕಾರದ ಎಲೆಕ್ಟ್ರೋಡ್‌ಗಳ ತುದಿ ಒಳಗೆ ಮಡಿಚಿಕೊಂಡಿರಬಹುದು, ಕೆಲವು ಕಾಕ್ಲಿಯಾದ ಹೊರಗೇ ಉಳಿದಿರಬಹುದು. ಮಡಿಚಿಕೊಂಡದ್ದಕ್ಕೆ ಮತ್ತೆ ಆಪರೇಷನ್ ಬೇಕಾಗಬಹುದು. ಹೊರಗುಳಿದ ಒಂದೆರಡನ್ನು ಆಫ್ ಮಾಡಿ ಆವರ್ತನಗಳನ್ನು ಮರುಹಂಚಿದರೆ ಸಾಕು.

ತಕ್ಕಡಿ

ಅಭ್ಯಾಸದ ಬಗ್ಗೆ? ಏಡ್‌ನಂತೆ ಹಾಕಿಕೊಂಡರೆ ಸಾಲದೇ?

ಮ್ಯಾಪುಗಾರ

ಸಾಲದು. ದಿನಕ್ಕೆ ಅರ್ಧ ಗಂಟೆ, ಇಂಪ್ಲಾಂಟ್ ಕಿವಿಗೆ ಮಾತ್ರ. ಬರಹ ಕೈಯಲ್ಲಿ ಹಿಡಿದು ಅದರದೇ ಆಡಿಯೋ ಕೇಳುವುದು, ಆಮೇಲೆ ಬರಹ ಮುಚ್ಚಿ ಅದೇ ಭಾಗ. ಫೋನಿನಿಂದ ನೇರ ಸ್ಟ್ರೀಮ್ ಮಾಡಿದರೆ ಇನ್ನೊಂದು ಕಿವಿ ನಡುವೆ ಬರುವುದಿಲ್ಲ. ಒಂದು ಕಿವಿ ಸರಿಯಿದ್ದವರಿಗೆ ಇದಿಲ್ಲದಿದ್ದರೆ ಮೆದುಳು ಹೊಸ ಕಿವಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದೂರದಿಂದ ಬರುವವರಿಗೆ ಈಗ ಕೆಲವು ಕಡೆ ಮ್ಯಾಪಿಂಗ್ ಅನ್ನೂ ದೂರದಿಂದಲೇ ಮಾಡುತ್ತಾರೆ, ಕೇಳಿ ನೋಡಿ. ಪ್ರಯಾಣ ಸಣ್ಣ ತಡೆ ಅಲ್ಲ.

ಹೊಸಬ

ರೆಫರಲ್ ಪತ್ರದಲ್ಲಿ ಏನೇನಿರಬೇಕು ಎಂದು ಯಾರಾದರೂ ಒಂದು ಕಡೆ ಬರೆದರೆ ಉಪಕಾರ.

ಶ್ರುತಿಪೆಟ್ಟಿಗೆ

ಒಂದು ಪುಟ ಸಾಕು. ಆರು ತಿಂಗಳೊಳಗಿನ ಆಡಿಯೋಗ್ರಾಂ, ಗಾಳಿ ಮತ್ತು ಮೂಳೆ ಎರಡೂ, ಮಾಸ್ಕಿಂಗ್ ಮಾಡಿದ್ದು. ಟಿಂಪನೋಮೆಟ್ರಿ (ಕಿವಿತಮಟೆ ಮತ್ತು ನಡುಗಿವಿಯ ಪರೀಕ್ಷೆ). ಪದದ ಅಂಕ ಕಿವಿವಾರು: ಯಾವ ಪಟ್ಟಿ, ಯಾವ ಭಾಷೆ, ಎಷ್ಟು ಪದ, ಎಷ್ಟು ಡಿಬಿ, ರೆಕಾರ್ಡೋ ಬಾಯಿಂದಲೋ. ಏಡ್‌ನ ಮಾದರಿ, ದಿನಕ್ಕೆ ಎಷ್ಟು ಗಂಟೆ ಹಾಕುತ್ತಾರೆ, ರಿಯಲ್ ಇಯರ್ ಮುದ್ರಿತ ಹಾಳೆ. ಪ್ರತಿ ಕಿವಿ ಯಾವಾಗ ಹೋಯಿತು, ಏಡ್ ಇಲ್ಲದೆ ಎಷ್ಟು ಕಾಲ ಇತ್ತು. ಇದನ್ನೇ ಎಲ್ಲರೂ ಬಿಡುತ್ತಾರೆ, ಕಿವಿ ಆರಿಸಲು ಇದೇ ಬೇಕು. ಮೆನಿಂಜೈಟಿಸ್, ತಲೆಗೆ ಪೆಟ್ಟು, ಹಿಂದೆ ಆದ ಕಿವಿಯ ಆಪರೇಷನ್, ತಲೆಸುತ್ತು ಇದ್ದರೆ ಮೊದಲ ಸಾಲಿನಲ್ಲೇ ಹಾಕಿ. ಫೋನಿನಲ್ಲಿ ಮಾತಾಡಲು ಆಗುತ್ತದೆಯೇ ಎಂದೂ ಬರೆಯಿರಿ. ಹಾಗೆಯೇ ರೋಗಿಯನ್ನು ಸಂಪರ್ಕಿಸಲು ಮೆಸೇಜ್ ನಂಬರ್ ಕೊಡಿ. ಕಿವಿ ಕೇಳದವರಿಗೆ ಫೋನ್ ಮಾಡಿ, ಎತ್ತಲಿಲ್ಲ ಎಂದು ಅಪಾಯಿಂಟ್‌ಮೆಂಟ್ ರದ್ದು ಮಾಡುವ ಕಚೇರಿಗಳಿಗೆ ಕೊರತೆ ಇಲ್ಲ.

ಒಳಗಿವಿ

ಮೆನಿಂಜೈಟಿಸ್ ತಡೆಗೆ ಕೊಡುವ ನ್ಯೂಮೋಕಾಕಲ್ ಲಸಿಕೆ ಆಗಿದೆಯೇ, ಯಾವುದು, ಯಾವ ದಿನಾಂಕ ಎಂಬುದನ್ನೂ ಅದರಲ್ಲೇ ಸೇರಿಸಿ. ಆಪರೇಷನ್‌ಗೆ ಕನಿಷ್ಠ ಎರಡು ವಾರ ಮುಂಚೆ ಆಗಿರಬೇಕು. ದಿನಾಂಕ ಗೊತ್ತಾದ ಮೇಲೆ ನೆನಪಾದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ, ಮುಂದಕ್ಕೆ ಹೋದ ಕೆಲವರು ಮತ್ತೆ ಬರುವುದೇ ಇಲ್ಲ.